ಹಾಂಗ್‌ಝೌ ಕಲಾ ಅಕಾಡೆಮಿ ಬೆಳೆದ ಬಗೆ

ಶಿಕ್ಷಣ ಸುಧಾರಕ ತ್ಸಾಯ್ ಯುವಾನ್‌ಪೇ ಅವರ ಆಸಕ್ತಿಯಿಂದ 1928ರಲ್ಲಿ ಚೀನಾದ ಹಾಂಗ್‌ಝೌನ ಪಶ್ಚಿಮ ಸರೋವರದ ದಡದಲ್ಲಿ ಈ ಶಾಲೆ ಶುರುವಾಯಿತು. ಫ್ರಾನ್ಸ್‌ನಲ್ಲಿ ಕಲಿತು ಬಂದಿದ್ದ ಲಿನ್ ಫೆಂಗ್‌ಮಿಯಾನ್ ಮೊದಲ ಮುಖ್ಯಸ್ಥರು. ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಚೀನೀ ಚಿತ್ರಕಲೆಯನ್ನೂ ಪಾಶ್ಚಾತ್ಯ ಚಿತ್ರಕಲೆಯನ್ನೂ ಅವರು ಒಂದೇ ವಿಭಾಗದಲ್ಲಿ ಕಲಿಸಿದರು. ಅಲ್ಲೇ ಪಾಠ ಮಾಡುತ್ತಿದ್ದ ಪಾನ್ ಟಿಯಾನ್‌ಶೌ ಅವರಿಗೆ ಇದು ಒಪ್ಪಿಗೆಯಿರಲಿಲ್ಲ: ಎರಡೂ ಹತ್ತಿರ ಬಂದಷ್ಟೂ ಎರಡರ ಸತ್ವವೂ ತೆಳುವಾಗುತ್ತದೆ ಎಂಬುದು ಅವರ ನಿಲುವು. ನನ್ನ ಮಟ್ಟಿಗೆ ಈ ಸಂಸ್ಥೆಯ ಜೀವಾಳವೇ ಈ ಜಗಳ. ಮುಂದೆ ಹೆಸರಾಂತ ಚಿತ್ರಕಾರರಾದ ಝಾವೊ ವೂ-ಕಿ, ವೂ ಗುವಾನ್‌ಝೊಂಗ್ ಇಬ್ಬರೂ ಇದರ ನಡುವೆಯೇ ಕಲಿತವರು.

1937ರಲ್ಲಿ ಜಪಾನ್ ದಾಳಿಯಿಂದ ಶಾಲೆ ಊರು ಬಿಟ್ಟಿತು. 1938ರಲ್ಲಿ ಹುನಾನ್‌ನಲ್ಲಿ ಬೀಪಿಂಗ್ (ಈಗಿನ ಬೀಜಿಂಗ್) ಕಲಾಶಾಲೆಯೊಂದಿಗೆ ವಿಲೀನವಾಗಿ, ಕುನ್‌ಮಿಂಗ್, ಚೋಂಗ್‌ಚಿಂಗ್ ಸುತ್ತಿ, ಯುದ್ಧ ಮುಗಿದ ಮೇಲೆ ಮರಳಿತು. ಹೆಸರು ಹಲವು ಸಲ ಬದಲಾಯಿತು. ಈಗಿನ 'ಚೀನಾ ಕಲಾ ಅಕಾಡೆಮಿ' 1993ರದ್ದು. 1963ರಲ್ಲಿ ಪಾನ್ ಶುರು ಮಾಡಿಸಿದ ಕ್ಯಾಲಿಗ್ರಫಿ ಮತ್ತು ಮುದ್ರೆ ಕೆತ್ತನೆಯ ಕೋರ್ಸ್ ದೊಡ್ಡ ಹೆಜ್ಜೆ.

ಇನ್ನು ಅಕಾಡೆಮಿಯ ಶಿಯಾಂಗ್‌ಶಾನ್ ಕ್ಯಾಂಪಸ್. ವಾಸ್ತುಶಿಲ್ಪಿ ವಾಂಗ್ ಶು ವಿನ್ಯಾಸ. ಮೊದಲ ಹಂತ 2004ರಲ್ಲಿ, ಎರಡನೆಯದು 2007ರಲ್ಲಿ ಮುಗಿಯಿತು. ಕೆಡವಿದ ಹಳೇ ಮನೆಗಳ 20 ಲಕ್ಷಕ್ಕೂ ಹೆಚ್ಚು ಹೆಂಚುಗಳು ಇಲ್ಲಿ ಮತ್ತೆ ಬಳಕೆಯಾಗಿವೆ. ಹಳೇ ಹೆಂಚು, ಇಟ್ಟಿಗೆಗಳು ಒಂದೇ ಅಳತೆಯಲ್ಲಿರುವುದಿಲ್ಲ, ಹಾಗಾಗಿ ಪ್ರತಿ ಸಾಲನ್ನೂ ಮೊದಲೇ ನಕ್ಷೆಯಲ್ಲಿ ಗೀಚಿಡಲು ಆಗದು. ಕೊನೆಯ ತೀರ್ಮಾನ ಗಾರೆಯವರ ಕೈಯದ್ದೇ.