ಬಕೆಟ್ ಭತ್ತ, ಆರನೇ ವಾರ

ತೀರ್ಥಹಳ್ಳಿ ಕಡೆಯ ನಮ್ಮ ಗದ್ದೆಯಲ್ಲಿ ಒಂದು ಮೂಲೆ ಇದೆ. ಗುಡ್ಡದ ಬುಡ, ಸದಾ ಜಲ ಏಳುವ ಜಾಗ. ನಿಂತ ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಬಣ್ಣಬಣ್ಣದ ಪೊರೆ ಕಟ್ಟುತ್ತದೆ. ಕಡ್ಡಿಯಲ್ಲಿ ಕೆದಕಿದರೆ ಅದು ಚೂರುಚೂರಾಗಿ ಒಡೆಯುತ್ತದೆ, ಮತ್ತೆ ಕೂಡುವುದಿಲ್ಲ. ಎಣ್ಣೆ ಆಗಿದ್ದರೆ ಕೂಡುತ್ತಿತ್ತು. ಇದು ಕಬ್ಬಿಣ. ಅಲ್ಲಿ ನೆಟ್ಟ ಭತ್ತ ಪ್ರತಿ ವರ್ಷ ಕಂದುತ್ತದೆ. "ಆ ಮೂಲೆ ಯಾವಾಗ್ಲೂ ಹಾಗೇ ಕಣೋ" ಅಂತಾರೆ ಅಪ್ಪ. ನನಗೆ ಕಾರಣ ಬೇಕಿತ್ತು.

ಜುಲೈ 1ರಂದು ಮೂರು ಬಕೆಟ್‌ಗಳಲ್ಲಿ ಸಸಿ ನೆಟ್ಟೆ. ಮೊದಲನೆಯದರಲ್ಲಿ ಆ ಮೂಲೆಯ ಕೆಸರು, ನೀರು ಸದಾ ನಿಂತಿರುತ್ತದೆ. ಎರಡನೆಯದರಲ್ಲೂ ಅದೇ ಕೆಸರು, ಆದರೆ ವಾರಕ್ಕೆ ಮೂರು ದಿನ ತಳದ ಬಿರಡೆ ತೆಗೆದು ನೀರು ಬಸಿಯುತ್ತೇನೆ. ಮೂರನೆಯದಕ್ಕೆ ಮೇಲಿನ ಗದ್ದೆಯ ಒಳ್ಳೆ ಮಣ್ಣು ಹಾಕಿ, ವಾರಕ್ಕೊಮ್ಮೆ ಲೀಟರಿಗೆ 2 ಗ್ರಾಂ ಅನ್ನಭೇದಿ (ಕಬ್ಬಿಣದ ಲವಣ) ಕರಗಿಸಿದ ನೀರು ಕೊಡುತ್ತಿದ್ದೇನೆ.

ಪುನರ್ವಸು ಮಳೆ ಮುಗಿಯುವವರೆಗೆ ಮೂರೂ ಹಸಿರಾಗಿದ್ದವು. ಪುಷ್ಯದಲ್ಲಿ ಮಳೆ ನಾಲ್ಕು ದಿನ ಬಿಡುವು ಕೊಟ್ಟು ಬಿಸಿಲು ಬಂತು ನೋಡಿ, ಮೂರನೆಯದರ ಕೆಳಗಿನ ಎಲೆಗಳ ತುದಿಯಲ್ಲಿ ಸಣ್ಣ ಕಂದು ಚುಕ್ಕೆಗಳು ಎದ್ದವು. ಎರಡು ದಿನ ಬಿಟ್ಟು ಮೊದಲನೆಯದರಲ್ಲೂ. ಚುಕ್ಕೆ ತುದಿಯಿಂದ ಬುಡದ ಕಡೆ ಹರಡಿತು. ಹೊಸ ಸುಳಿ ಮಾತ್ರ ಹಸಿರು.

ಬಿಸಿಲಿಗೇ ಯಾಕೆ? ಇಡೀ ಪ್ರಯೋಗದಲ್ಲಿ ನನ್ನನ್ನು ಹಿಡಿದಿಟ್ಟ ಪ್ರಶ್ನೆ ಇದು. ಬಿಸಿಲಿಗೆ ಎಲೆ ಜಾಸ್ತಿ ನೀರು ಎಳೆಯುತ್ತದೆ, ನೀರಿನ ಜೊತೆ ಕಬ್ಬಿಣವೂ ಏರುತ್ತದೆ. ಇನ್ನೊಂದು ಕಾರಣ ಎಲೆಯ ಒಳಗೇ ಇದೆ. ಎಲೆಗೆ ಕಬ್ಬಿಣ ಬೇಕೇ ಬೇಕು. ಪತ್ರಹರಿತ್ತಿನ ನಡುವೆ ಕೂತಿರುವುದು ಮೆಗ್ನೀಸಿಯಂ ಆದರೂ ಅದು ತಯಾರಾಗಲು ಕಬ್ಬಿಣ ಬೇಕು. ಬೆಳಕಿನಿಂದ ಹೊರಟ ಎಲೆಕ್ಟ್ರಾನುಗಳನ್ನು ದಾಟಿಸುವ ಪ್ರೋಟೀನುಗಳಲ್ಲೂ ಕಬ್ಬಿಣ ಇದೆ. ಮಿಕ್ಕಿದ್ದನ್ನು ಗಿಡ ಫೆರಿಟಿನ್ ಎಂಬ ಪ್ರೋಟೀನಿನಲ್ಲಿ ಕೂಡಿಡುತ್ತದೆ. ಒಂದೊಂದರಲ್ಲಿ ಸುಮಾರು 4500 ಕಬ್ಬಿಣದ ಪರಮಾಣು ಹಿಡಿಯುತ್ತವೆ. ಅದೂ ಸಾಲದೆ ಹೋದಾಗ ತೊಂದರೆ ಶುರು. ದ್ಯುತಿಸಂಶ್ಲೇಷಣೆ ನಡೆಯುವಾಗ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಕಾವಲಿಲ್ಲದ ಕಬ್ಬಿಣ ಅದಕ್ಕೆ ತಗುಲಿದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ, ಸಿಕ್ಕಿದ್ದನ್ನೆಲ್ಲ ಕೆಡಿಸುವ ಕಣ ಹುಟ್ಟುತ್ತದೆ. ಬೆಳಕು ಹಿಡಿಯುವ ಪೊರೆಗಳನ್ನೇ ಅದು ಸುಟ್ಟು ಹಾಕುತ್ತದೆ.

ನಿನ್ನೆ ಮೊದಲ ಎರಡು ಬಕೆಟ್‌ಗಳಿಂದ ಒಂದೇ ಅಳತೆಯ ಕೆಳಗಿನ ಎಲೆ ಕತ್ತರಿಸಿ, ಪತ್ರಹರಿತ್ತು ಬಿಟ್ಟುಕೊಳ್ಳಲಿ ಅಂತ ಸ್ಪಿರಿಟ್‌ನಲ್ಲಿ ನೆನೆಸಿದೆ. ಒಲೆ ಆರಿಸಿ, ಬಿಸಿನೀರಿನ ಪಾತ್ರೆಯಲ್ಲಿಟ್ಟೆ. ಎರಡನೆಯದರ ರಸ ಗಾಢ ಹಸಿರು. ಮೊದಲನೆಯದು ತೆಳು ಹಳದಿ. ಒಂದೇ ಕೆಸರು! ನೀರು ನಿಂತು ಗಾಳಿ ಸಿಗದ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಕರಗಿ ಬೇರಿಗೆ ಸಿಗುತ್ತದೆ. ಬಸಿದಾಗ ಗಾಳಿ ತಾಗಿ ಮತ್ತೆ ತುಕ್ಕಾಗಿ ಮಣ್ಣಿಗೇ ಕೂರುತ್ತದೆ.

ಅಪ್ಪನಿಗೆ ಎರಡೂ ಬಾಟಲಿ ತೋರಿಸಿದೆ. ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದರು. ಮಳೆ ಬಿಟ್ಟ ಮೇಲೆ ಆ ಮೂಲೆಗೆ ಕಾಲುವೆ ಹೊಡೆಯೋಣ, ಹಾರೆ ತೆಗೆದಿಡು ಅಂದಿದ್ದಾರೆ.