ಸೈ ಕುಂಗ್ ದಂಡೆಯಲ್ಲಿ ಮೀನಿನೂಟ

ಹಾಂಕಾಂಗಿಗೆ ಹೋಗಿ ಬಂದವರು ಮುಗಿಲೆತ್ತರದ ಕಟ್ಟಡ, ಡಿಸ್ನಿಲ್ಯಾಂಡ್, ಶಾಪಿಂಗ್ ಅಂತ ಹೇಳುತ್ತಾರೆ. ಮೀನು ತಿನ್ನುವವರಿಗೆ ನಾನು ಹೇಳುವುದು ಅಲ್ಲಿಯ ಕಡಲ ದಂಡೆಯ ಊರು ಸೈ ಕುಂಗ್. ಚೋಯ್ ಹಂಗ್ ಮೆಟ್ರೋ ಸ್ಟೇಷನ್ನಿಂದ 1ಎ ನಂಬರಿನ ಹಸಿರು ಮಿನಿಬಸ್ ಹತ್ತಿದರೆ ಊರಿನ ಗದ್ದಲ ಹಿಂದೆ ಬೀಳುತ್ತದೆ. ಗುಡ್ಡ, ಕಾಡು, ಕೆಳಗೆ ಕಡಲು. ಕೊನೆಯ ಸ್ಟಾಪಿನಲ್ಲಿ ಇಳಿದು ಸ್ವಲ್ಪ ನಡೆದರೆ ದಂಡೆ.

ಈ ಕಡೆಯ ದ್ವೀಪಗಳಲ್ಲಿ ಆರು ಮೂಲೆಯ ಕಲ್ಲಿನ ಕಂಬಗಳಿವೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ನೋಡಿದವರಿಗೆ ಅವು ಕೂಡಲೇ ಗುರುತು ಸಿಗುತ್ತವೆ. 2011ರಲ್ಲಿ ಇವಕ್ಕೆ ಜಾಗತಿಕ ಜಿಯೋಪಾರ್ಕ್, ಅಂದರೆ ಅಪರೂಪದ ಭೂರಚನೆಯ ತಾಣ ಅನ್ನುವ ಮಾನ್ಯತೆ ಸಿಕ್ಕಿತು. ಬೆಳಿಗ್ಗೆ ದೋಣಿಯಲ್ಲಿ ಹೋಗಿ ಅದನ್ನು ನೋಡಿಕೊಂಡು ಬಂದೆವು. ಆದರೆ ನಾವು ಬಂದಿದ್ದೇ ಊಟಕ್ಕೆ.

ಕಟ್ಟೆಯ ಮೇಲೆ ಜನ ಕಂಬಿಗೆ ಒರಗಿ ಕೆಳಗೆ ನೋಡುತ್ತಿದ್ದರು. ಕೆಳಗೆ ಸಾಲಾಗಿ ಕಟ್ಟಿದ ಸಣ್ಣ ದೋಣಿಗಳು. ಒಂದೊಂದರಲ್ಲೂ ಹತ್ತಾರು ಬೋಗುಣಿ, ನೀರಿನಲ್ಲಿ ಗಾಳಿಗುಳ್ಳೆ, ಅದರೊಳಗೆ ಜೀವಂತ ಮೀನು. ಅಗಲ ಟೋಪಿಯ ಹೆಂಗಸೊಬ್ಬಳು ಮೇಲಿನಿಂದ ಬೆರಳು ತೋರಿಸಿದ ಮೀನನ್ನು ಎತ್ತಿ, ತೂಗಿ, ಹುರುಪೆ ಕೆರೆದು, ಹೊಟ್ಟೆ ಸೀಳಿ ತೊಳೆದಳು. ಎಲ್ಲ ಆಗಿದ್ದು ನಾವು ಮಾತು ಮುಗಿಸುವಷ್ಟರಲ್ಲಿ. ಚೀಲಕ್ಕೆ ಹಾಕಿ, ಉದ್ದ ಕೋಲಿನ ತುದಿಯ ಬಲೆಯಲ್ಲಿಟ್ಟು ಮೇಲಕ್ಕೆ ಚಾಚಿದಳು. ಗಿರಾಕಿ ಮೀನು ತೆಗೆದುಕೊಂಡು ದುಡ್ಡನ್ನು ಅದೇ ಬಲೆಗೆ ಹಾಕಿದ. ಕೋಲು ಕೆಳಗಿಳಿಯಿತು, ಚಿಲ್ಲರೆ ಹೊತ್ತುಕೊಂಡು ಮತ್ತೆ ಮೇಲೆ ಬಂತು. ನಮ್ಮ ಕರಾವಳಿಯ ಬಂದರುಗಳಲ್ಲಿ ಎಷ್ಟೋ ವ್ಯಾಪಾರ ನೋಡಿದ್ದೇನೆ, ಇಂಥದ್ದು ನೋಡಿರಲಿಲ್ಲ.

ಹೋಟೆಲುಗಳೆಲ್ಲ ಕಟ್ಟೆಯ ಪಕ್ಕದಲ್ಲೇ. ಮುಂಭಾಗದ ಗೋಡೆ ತುಂಬ ಗಾಜಿನ ತೊಟ್ಟಿಗಳು. ಕೊಂಡಿ ಕಟ್ಟಿದ ಏಡಿ, ಕಂತೆ ಕಟ್ಟಿ ನಿಲ್ಲಿಸಿದ ಉದ್ದ ಚಿಪ್ಪಿನ ರೇಜರ್ ಕ್ಲ್ಯಾಮ್, ಬಣ್ಣಬಣ್ಣದ ಗ್ರೂಪರ್ ಮೀನು. ಮಾಂಟಿಸ್ ಸಿಗಡಿಗಳು ಮಾತ್ರ ತೂತು ಮಾಡಿದ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಒಂದೊಂದೇ ಇದ್ದವು. ಒಟ್ಟಿಗೆ ಬಿಟ್ಟರೆ ಕಾದಾಡಿ ಸಾಯುತ್ತವೆ. ಇಲ್ಲಿ ಎರಡು ದಾರಿ ಇದೆ: ಮೀನು ಕೊಂಡು ತಂದು, ಅಡುಗೆಗೆ ಬೇರೆ ಕೂಲಿ ಕೊಡುವುದು. ಇಲ್ಲವೇ ಹೋಟೆಲಿನ ತೊಟ್ಟಿಯಿಂದಲೇ ಆರಿಸುವುದು. ನಾವು ಎರಡನೆಯದನ್ನು ಮಾಡಿದೆವು. ಬೆಲೆ ಹೇಳುವುದು ಕ್ಯಾಟಿ ಲೆಕ್ಕದಲ್ಲಿ. ಒಂದು ಕ್ಯಾಟಿ ಅಂದರೆ ಸುಮಾರು 600 ಗ್ರಾಂ, ಕಿಲೋ ಅಲ್ಲ. ತೂಗಿಸಿ, ಒಟ್ಟು ಎಷ್ಟಾಗುತ್ತದೆ ಅಂತ ಕೇಳಿಯೇ ಹೂಂ ಅನ್ನಬೇಕು. ಅಲ್ಲಿಯವರೂ ಹಾಗೇ ಮಾಡುತ್ತಾರೆ, ಸಂಕೋಚ ಬೇಡ.

ಮೊದಲು ಬಿಸಿ ಚಹಾ ಬಂತು. ಜೊತೆಗಿದ್ದ ಹಾಂಕಾಂಗಿನ ಗೆಳತಿ ಅದನ್ನು ಕುಡಿಯಲಿಲ್ಲ. ಬಟ್ಟಲು, ಚಾಪ್‌ಸ್ಟಿಕ್ಕುಗಳನ್ನೆಲ್ಲ ಆ ಚಹಾದಲ್ಲೇ ತೊಳೆದು ಚೆಲ್ಲಿದಳು. ಆಮೇಲೆ ನಮಗೆ ಬಗ್ಗಿಸಿದಳು. ಯಾರಾದರೂ ಚಹಾ ಬಗ್ಗಿಸಿದರೆ ಎರಡು ಬೆರಳಿನಿಂದ ಮೇಜು ತಟ್ಟುವುದು ಇಲ್ಲಿನ ಥ್ಯಾಂಕ್ಸ್.

ಏಡಿ ಮೊದಲು ಬಂತು. ಟೈಫೂನ್ ಶೆಲ್ಟರ್ ಏಡಿ ಅಂತ ಇದಕ್ಕೆ ಹೆಸರು. ಬಿರುಗಾಳಿ ಬಂದಾಗ ದೋಣಿಗಳು ಬಂದು ನಿಲ್ಲುವ ತಂಗುದಾಣವೇ ಟೈಫೂನ್ ಶೆಲ್ಟರ್. ಹಾಂಕಾಂಗಿನ ಮೊದಲನೆಯದನ್ನು 1883ರಲ್ಲಿ ಕಾಸ್‌ವೇ ಬೇಯಲ್ಲಿ ಕಟ್ಟಿದರು. ದೋಣಿಯಲ್ಲೇ ಹುಟ್ಟಿ ಬೆಳೆಯುತ್ತಿದ್ದ ತಂಕಾ ಜನ ಅಲ್ಲಿ ಸಂಜೆ ಹೊತ್ತು ದೋಣಿಯ ಮೇಲೇ ಅಡುಗೆ ಮಾಡಿ ಮಾರುತ್ತಿದ್ದರು. ಈ ಏಡಿ ಅವರದ್ದು. ಹೊಂಬಣ್ಣಕ್ಕೆ ಹುರಿದ ಬೆಳ್ಳುಳ್ಳಿ ತಟ್ಟೆಯಲ್ಲಿ ರಾಶಿ ಬಿದ್ದಿತ್ತು, ಏಡಿ ಅದರಡಿ ಹುದುಗಿತ್ತು. ಒಣಮೆಣಸು, ಹುದುಗಿಸಿದ ಕಪ್ಪು ಸೋಯಾಕಾಳಿನ ಉಪ್ಪು ರುಚಿ. ಬೆಳ್ಳುಳ್ಳಿ ಒಂದು ಚೂರೂ ಕಹಿಯಾಗಿರಲಿಲ್ಲ. ಹುರಿಯುವವನ ಕೈಗುಣ ಅಲ್ಲೇ ಗೊತ್ತಾಗುತ್ತದೆ. ಏಡಿ ಮುಗಿದ ಮೇಲೂ ಆ ಪುಡಿಯನ್ನು ಅನ್ನಕ್ಕೆ ಹಾಕಿಕೊಂಡು ತಿಂದೆವು.

ಉಪ್ಪು, ಮೆಣಸಿನಲ್ಲಿ ಕರಿದ ಮಾಂಟಿಸ್ ಸಿಗಡಿ ಚೆನ್ನಾಗಿತ್ತು. ಶಾವಿಗೆ, ಬೆಳ್ಳುಳ್ಳಿ ಹಾಕಿ ಹಬೆಯಲ್ಲಿ ಬೇಯಿಸಿದ ಸ್ಕ್ಯಾಲಪ್ ಎಂಬ ಚಿಪ್ಪುಮೀನು ಇನ್ನೂ ಚೆನ್ನಾಗಿತ್ತು. ಚೀಸ್ ಹಾಕಿದ ಲಾಬ್‌ಸ್ಟರ್ ಬಗ್ಗೆ ಎಲ್ಲರೂ ಹೊಗಳುತ್ತಾರೆ. ನನಗೆ ಅದು ಒಳ್ಳೆಯ ಲಾಬ್‌ಸ್ಟರ್ ಹಾಳು ಮಾಡಿದ ಹಾಗೆ ಕಂಡಿತು.

ಆಮೇಲೆ ಗ್ರೂಪರ್ ಬಂತು. ಇಡೀ ಮೀನು, ತಲೆ ಬಾಲ ಸಮೇತ. ದಕ್ಷಿಣ ಚೀನಾದ ಈ ಕ್ಯಾಂಟನೀಸ್ ಅಡುಗೆಯ ನಿಜವಾದ ಪರೀಕ್ಷೆ ಇದೇ. ನೀರು ಕುದಿದು ಹಬೆ ಜೋರಾದ ಮೇಲೆಯೇ ಮೀನು ಒಳಗೆ ಹೋಗಬೇಕು. ನಮ್ಮದರಷ್ಟು ಮೀನಿಗೆ ಎಂಟು ಹತ್ತು ನಿಮಿಷ, ಅಷ್ಟೇ. ತಟ್ಟೆಯಲ್ಲಿ ಬಿಟ್ಟ ನೀರನ್ನು ಚೆಲ್ಲಿ, ಎಳೆ ಎಳೆಯಾಗಿ ಸೀಳಿದ ಈರುಳ್ಳಿ ಸೊಪ್ಪು ಹರಡಿ, ಹೊಗೆಯಾಡುವ ಎಣ್ಣೆ ಸುರಿಯುತ್ತಾರೆ. ಸೋಯಾ ಸಾಸ್ ಪಕ್ಕದಿಂದ. ಮಸಾಲೆ ಇಲ್ಲ, ಹುಳಿ ಇಲ್ಲ, ಕಾಯಿ ಇಲ್ಲ. ಗಸಿ ತಿಂದು ಬೆಳೆದ ನಾಲಿಗೆ ನನ್ನದು. ಆದರೂ ಮೊದಲ ತುತ್ತಿಗೇ ಸುಮ್ಮನಾದೆ. ಮಾಂಸ ಮುಳ್ಳಿನಿಂದ ಆಗಷ್ಟೇ ಬಿಡುತ್ತಿತ್ತು, ಮುಳ್ಳಿನ ಹತ್ತಿರ ಇನ್ನೂ ಗಾಜಿನ ಹೊಳಪು. ಒಂದು ನಿಮಿಷ ಜಾಸ್ತಿ ಆಗಿದ್ದರೂ ಅದು ಸಿಗುತ್ತಿರಲಿಲ್ಲ. ನಮ್ಮ ಮಸಾಲೆ ನಿನ್ನೆಯ ಮೀನನ್ನೂ ರುಚಿ ಮಾಡುತ್ತದೆ, ಅದು ನಮ್ಮ ಅಡುಗೆಯ ಶಕ್ತಿ. ಇಲ್ಲಿ ಮೀನು ಈಗಷ್ಟೇ ಈಜುತ್ತಿರಬೇಕು. ಅದಕ್ಕೇ ಇಷ್ಟೊಂದು ತೊಟ್ಟಿ, ಬೋಗುಣಿ, ಪಂಪು.

ಒಂದು ಬದಿ ಮುಗಿದಾಗ ಮೀನು ಮಗುಚಲು ಹೋದೆ. ಗೆಳತಿ ಕೈ ಹಿಡಿದಳು. ಮಗುಚಿದರೆ ದೋಣಿ ಮಗುಚುತ್ತದೆ ಅಂತ ಮೀನುಗಾರರ ನಂಬಿಕೆ. ನಡುವಿನ ಮುಳ್ಳನ್ನು ಎತ್ತಿ ಬದಿಗಿಟ್ಟು, ಕೆಳಗಿನ ಭಾಗ ಹಾಗೇ ತಿನ್ನಬೇಕು. ಕೆನ್ನೆಯ ಮಾಂಸವನ್ನು ಅವಳು ನನ್ನ ಬಟ್ಟಲಿಗೆ ಹಾಕಿದಳು. ಅದು ಅತಿಥಿಗೆ.

ಈ ಮೀನುಗಳೆಲ್ಲ ಇದೇ ಕಡಲಿನವಲ್ಲ. ಎಷ್ಟೋ ಸಾಕಿದವು, ಎಷ್ಟೋ ಬೇರೆ ದೇಶದವು. ಹಾಂಕಾಂಗ್ ತನ್ನ ನೀರಿನಲ್ಲಿ ಟ್ರಾಲಿಂಗ್ ಅನ್ನು, ಅಂದರೆ ದೋಣಿಯಿಂದ ಬಲೆ ಎಳೆಯುತ್ತ ಮೀನು ಬಾಚುವುದನ್ನು, 2012ರ ಡಿಸೆಂಬರ್ 31ರಿಂದ ಪೂರ್ತಿ ನಿಲ್ಲಿಸಿದೆ. ಒಳ್ಳೆಯ ಕೆಲಸ. ಹವಳದ ದಿಬ್ಬಗಳ ದೊಡ್ಡ ನೆಪೋಲಿಯನ್ ರಾಸ್ ಮೀನು ಅಳಿವಿನ ಅಂಚಿನಲ್ಲಿದೆ, 2004ರಿಂದ ಅದರ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಕಡಿವಾಣವಿದೆ. ಎಲ್ಲಾದರೂ ಕಂಡರೆ ದಯವಿಟ್ಟು ತಿನ್ನಬೇಡಿ.

ಜೊತೆಯಲ್ಲಿ ಸಸ್ಯಾಹಾರಿಗಳಿದ್ದರೆ ಹುದುಗಿಸಿದ ತೋಫು ಹಾಕಿ ಬಾಡಿಸಿದ ನೀರು ಪಾಲಕ್ ಕೇಳಿ. ಆಯ್‌ಸ್ಟರ್ ಸಾಸ್ ಬೇಡ ಅಂತ ಮೊದಲೇ ಹೇಳಿ, ಅದರಲ್ಲಿ ಕಪ್ಪೆಚಿಪ್ಪಿನ ರಸವಿರುತ್ತದೆ. ಶನಿವಾರ, ಭಾನುವಾರ ಜಾಗ ಸಿಗುವುದು ಕಷ್ಟ. ವಾರದ ನಡುವೆ, ಮಧ್ಯಾಹ್ನ ದಾಟಿದ ಮೇಲೆ ಹೋಗಿ. ನಾಲ್ಕೈದು ಜನ ಸೇರಿ ಹೋಗಿ, ಇಲ್ಲಾಂದ್ರೆ ಇಡೀ ಮೀನು, ಇಡೀ ಏಡಿ ಎರಡೂ ತರಿಸಲು ಆಗುವುದಿಲ್ಲ.