ಕಾಣದ ಬೆಳಕು, ಮೊಣಕಾಲಿನ ಉಬ್ಬು

ಮನೆಯಲ್ಲೇ ನೋವಿಗೆ ಬಳಸಬಹುದಾದ, ಕೈಯಲ್ಲಿ ಹಿಡಿಯುವ ಲೇಸರ್ ಸಾಧನದ ಮೂರನೆಯ ಮಾದರಿ ಇಂದು ನನ್ನ ಮೇಜಿನ ಮೇಲಿದೆ. 1967ರಲ್ಲಿ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್ ಅವರು, ರೋಮ ಬೋಳಿಸಿದ ಇಲಿಗಳ ಮೇಲೆ ಮಂದ ಲೇಸರ್ ಬೆಳಕು ಬಿಟ್ಟಾಗ ರೋಮ ಬೇಗ ಬೆಳೆದದ್ದನ್ನು ಗಮನಿಸಿದಲ್ಲಿಂದ ಈ ಚಿಕಿತ್ಸೆಯ ಕಥೆ ಆರಂಭವಾಗುತ್ತದೆ.

ಲೇಸರ್ ಬೆಳಕು ಹೊಮ್ಮಿಸುವ ಪುಟ್ಟ ಬಿಡಿಭಾಗವಾದ ಡಯೋಡ್ ಸುಲಭವಾಗಿ ಸಿಗುತ್ತದೆ. ತಲೆನೋವೆಲ್ಲ ಕಣ್ಣಿನ ಸುರಕ್ಷತೆಯದು. 808 ನ್ಯಾನೊಮೀಟರ್ ತರಂಗಾಂತರದ ಅವಗೆಂಪು ಕಿರಣ ನಮಗೆ ಕಾಣುವುದಿಲ್ಲವಾದ್ದರಿಂದ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ಆದರೆ ಕಣ್ಣಿನ ಮಸೂರ ಮಾತ್ರ ಅದನ್ನು ಅಕ್ಷಿಪಟಲದ ಮೇಲೆ ಕೇಂದ್ರೀಕರಿಸುತ್ತದೆ. ಆದ್ದರಿಂದ ಸಾಧನದ ತುದಿ ಚರ್ಮಕ್ಕೆ ಪೂರ್ತಿ ತಾಗಿದಾಗಷ್ಟೇ ಬೆಳಕು ಹೊಮ್ಮುವಂತೆ ನಾಲ್ಕು ಸೆನ್ಸರ್‌ಗಳನ್ನು ಕೂರಿಸಿದೆ. ಅಂಗೈಯ ಮೇಲೆ ಅಚ್ಚುಕಟ್ಟಾಗಿ ನಡೆದ ಆ ಏರ್ಪಾಡು, ಮೊಣಕಾಲ ಚಿಪ್ಪಿನ ಮೇಲಿಟ್ಟೊಡನೆ ಒಂದು ಅಂಚು ಮೇಲೆದ್ದು, ಮತ್ತೆ ಮತ್ತೆ ಆರಿಹೋಗತೊಡಗಿತು. ಜನರಿಗೆ ನೋವು ಬರುವುದೇ ಇಂತಹ ಉಬ್ಬುತಗ್ಗುಗಳಲ್ಲಿ ಎಂಬುದು ನನಗೆ ಮೊದಲೇ ಹೊಳೆಯಬೇಕಿತ್ತು. ಈಗ ತುದಿಗೆ ಮೆತ್ತನೆಯ ಸಿಲಿಕೋನ್ ಬಳೆ ತೊಡಿಸಿದ್ದೇನೆ.

ಇನ್ನೊಂದು ಚಿಂತೆಯೂ ಉಳಿದಿದೆ. ಬಿಸಿಯೂ ಆಗದ, ಚುರುಗುಟ್ಟುವುದೂ ಇಲ್ಲದ ಈ ಚಿಕಿತ್ಸೆ ನಡೆಯುತ್ತಿದೆಯೆಂದು ನಂಬದೆ ಬಳಸುವವರು ಮತ್ತಷ್ಟು ಹೊತ್ತು ಒತ್ತಿ ಹಿಡಿಯುತ್ತಾರೆ. ಪ್ರಮಾಣ ಹೆಚ್ಚಿದಂತೆ ಗುಣವೂ ಹೆಚ್ಚುವ ಬಗೆಯದಲ್ಲ ಇದು. ಹಾಗಾಗಿ ಟೈಮರ್ ಬಳಸುವವರ ಕೈಗೆ ಸಿಗದಂತೆ ಒಳಗೇ ಇರಲಿದೆ.